ಹೊಳೆಗೆ ಬಿಡದ ಓಲೆ

"ಅಜ್ಜಾರ, ಬರಿಯಾಕ ಬಾರದವರಿಗೆ ಬರಿಯೋದು ಕಲಿಸಾಕ ಆಗತೈತೇನ್ರಿ?"

ಪರ್ವತಯ್ಯ ಹೀಗೆ ಕೇಳಿದನಾದರೂ ಉತ್ತರವನ್ನು ಮೊದಲೇ ಬಗಲಚೀಲದಲ್ಲಿ ಇಟ್ಟುಕೊಂಡು ಬಂದಿದ್ದ. ಆಗುವುದಿಲ್ಲ ಎಂಬುದೇ ಆ ಉತ್ತರ. ಅದು ವಿಶ್ವವಿದ್ಯಾಲಯದ ಕಾಗದದ ಮೇಲೆ ಅಚ್ಚಾಗಿತ್ತು. ಕೆಳಗೆ ಅವನ ಸಹಿ ಬೀಳುವುದೊಂದು ಬಾಕಿ ಇತ್ತು.

ಹುಡುಗನಾಗಿದ್ದಾಗ ಅವನು ಇದೇ ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವನು. ಮುಂದೆ ಪಿಎಚ್.ಡಿ. ಮಾಡುವಾಗ ಮಾರ್ಗದರ್ಶಕರೆಂದು ಬೇರೆ ಯಾರದೋ ಹೆಸರಿತ್ತು, ತಿದ್ದಿದವರು ಮಠದ ಸ್ವಾಮಿಗಳಾದ ಈ ಅಜ್ಜನವರು. ಈಗ ಅವನು ಪ್ರಾಧ್ಯಾಪಕ. ಗ್ರಂಥಾಲಯವನ್ನೂ ವಿದ್ಯಾರ್ಥಿಗಳ ಬರವಣಿಗೆಯನ್ನೂ ಸುಧಾರಿಸುವ ಸಮಿತಿಗೆ ಎರಡು ವರ್ಷದಿಂದ ಅಧ್ಯಕ್ಷ. ಕೆಲಸವನ್ನು ಕಾಟಾಚಾರಕ್ಕೆ ಮಾಡಿದವನಲ್ಲ. ನಾನೂರು ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಹಂಚಿ, ನಿಮಗೇನು ಕೊರತೆ ಎಂದು ಕೇಳಿದ್ದ. ಅವರು ಹೇಳಿದಂತೆ ಫ್ಯಾನು ಹಾಕಿಸಿದ, ಕಂಪ್ಯೂಟರ್ ತರಿಸಿದ, ಓದುವ ಕೋಣೆಯನ್ನು ಸಂಜೆಯೂ ತೆರೆಸಿದ. ಎರಡು ಸಾವಿರ ಹೊಸ ಪುಸ್ತಕ ಬಂದವು. ಒಂದೊಂದು ಪ್ರಬಂಧವನ್ನೂ ತಾನೇ ಕೂತು ಕೆಂಪು ಶಾಯಿಯಲ್ಲಿ ತಿದ್ದಿದ. ಬರವಣಿಗೆ ಮಾತ್ರ ಇದ್ದಲ್ಲೇ ಇತ್ತು.

ಕೊನೆಗೆ ಹುಲಿಗೆಮ್ಮ ಎಂಬ ಸಂಶೋಧನಾ ವಿದ್ಯಾರ್ಥಿನಿ ಸಿಕ್ಕಿಬಿದ್ದಳು. ಅವಳ ಮನೆತನದಲ್ಲಿ ಹೈಸ್ಕೂಲು ದಾಟಿದವಳು ಅವಳೊಬ್ಬಳೇ. ಅವಳು ಒಪ್ಪಿಸಿದ ಅಧ್ಯಾಯದಲ್ಲಿ ಹನ್ನೆರಡು ಪುಟ ಕದ್ದದ್ದು, ಅದೂ ಪರ್ವತಯ್ಯನ ಮಹಾಪ್ರಬಂಧದಿಂದಲೇ. ಆ ಮಹಾಪ್ರಬಂಧ ಗ್ರಂಥಾಲಯದ ಗಾಜಿನ ಕಪಾಟಿನಲ್ಲಿರುತ್ತಿತ್ತು. ಪ್ರತಿ ವರ್ಷ ಮೊದಲ ತರಗತಿಗೆ ಅವನು ಅದನ್ನು ತರಿಸಿ, ಹೀಗೆ ಬರೆಯಬೇಕು ಎಂದು ಎತ್ತಿ ತೋರಿಸುತ್ತಿದ್ದ. ಯಾಕೆ ಹೀಗೆ ಮಾಡಿದೆ ಎಂದು ಎಷ್ಟು ಕೇಳಿದರೂ ಹುಡುಗಿ ಬಾಯಿ ಬಿಡಲಿಲ್ಲ. ಚೀಲದಲ್ಲಿದ್ದದ್ದು ಅವಳ ನೋಂದಣಿಯನ್ನು ರದ್ದು ಮಾಡುವ ಕಾಗದ. ಸೋಮವಾರ ಅದು ಕೈಗೆ ಬಂದರೆ ಅವಳು ಗಂಟುಮೂಟೆ ಕಟ್ಟಿಕೊಂಡು ಊರ ಬಸ್ಸು ಹತ್ತಬೇಕು. ಪರ್ವತಯ್ಯನಿಗೆ ಸಿಟ್ಟೂ ಇತ್ತು, ಸಂಕಟವೂ ಇತ್ತು. ಸಂಕಟ ಇದ್ದದ್ದರಿಂದಲೇ ಭಾನುವಾರ ಬೆಳಿಗ್ಗೆ ಮಠದ ದಾರಿ ಹಿಡಿದಿದ್ದ.

ಅಜ್ಜನವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಆ ಎರಡು ಸಾವಿರ ಪುಸ್ತಕಗಳನ್ನು ಎಷ್ಟು ಜನ ಓದಿದ್ದಾರೆ ಎಂದು ವಿಚಾರಿಸಿದರು.

"ಎಷ್ಟು ಮಂದಿ ತಗೊಂಡು ಹೋಗ್ಯಾರ ಅನ್ನೋದು ಗೊತ್ತೈತ್ರಿ ಅಜ್ಜಾರ," ಎಂದ ಪರ್ವತಯ್ಯ. "ಓದಿದ್ದು ಹೆಂಗ ಗೊತ್ತಾಗಬೇಕ್ರಿ?"

ಅಜ್ಜನವರು ಗೋಡೆಗೆ ಒರಗಿ ಕೂತರು. ಮಾತಿಗೆ ಊರ ಭಾಷೆ ಆಡುವವರು ಕತೆ ಹೇಳುವಾಗ ಮಾತ್ರ ಬರಹದ ಭಾಷೆಗೆ ಹೊರಳುತ್ತಿದ್ದರು. ಕತೆಗೆ ಒಗೆದ ಬಟ್ಟೆ ಉಡಿಸಿಯೇ ಹೊರಗೆ ಕಳಿಸಬೇಕು ಎಂಬುದು ಅವರ ಹಟ. ಅವರು ಹೇಳಿದ ಕತೆ ಇದು.

ಒಂದು ಘಟಿಕಾಸ್ಥಾನವಿತ್ತು. ದೂರ ದೂರದ ಹುಡುಗರು ಅಲ್ಲಿ ಉಳಿದು ಓದುತ್ತಿದ್ದರು. ಕಲಿಸಲು ಒಬ್ಬ ಆಚಾರ್ಯನಿದ್ದ. ತಾಳೆಯೋಲೆಯ ಗ್ರಂಥಗಳನ್ನಿಟ್ಟ ಮನೆಗೆ ಸರಸ್ವತೀ ಭಂಡಾರವೆಂದು ಹೆಸರು. ಅದನ್ನು ನೋಡಿಕೊಳ್ಳಲು ಒಬ್ಬ ಭಂಡಾರಿಯಿದ್ದ.

ಓದು ಮುಗಿಸಿದ ಪ್ರತಿಯೊಬ್ಬನೂ ಒಂದು ಕೃತಿ ಬರೆಯಬೇಕು. ವಿಜಯದಶಮಿಯ ದಿನ ಅದನ್ನು ಸಭೆಯಲ್ಲಿ ಓದಬೇಕು. ಸಭೆ ಒಪ್ಪಿದರೆ ಕೃತಿ ಭಂಡಾರಕ್ಕೆ ಸೇರುತ್ತದೆ, ಹುಡುಗ ಪಂಡಿತನಾಗಿ ಊರಿಗೆ ಹೋಗುತ್ತಾನೆ. ಬೇರೆಯವರ ಬರಹವನ್ನು ತನ್ನದೆಂದು ಒಪ್ಪಿಸಿ ಸಿಕ್ಕಿಬಿದ್ದರೆ, ಅವನ ಕಬ್ಬಿಣದ ಲೇಖನಿಯನ್ನು ಎಲ್ಲರ ಎದುರಿಗೇ ಬಗ್ಗಿಸಿ ಅವನನ್ನು ಹೊರಗೆ ಕಳಿಸುತ್ತಾರೆ. ಲೇಖನಿ ಬಗ್ಗಿದವನು ಮತ್ತೆ ಯಾವ ಘಟಿಕಾಸ್ಥಾನದ ಮೆಟ್ಟಿಲನ್ನೂ ಹತ್ತುವಂತಿಲ್ಲ.

ಇನ್ನೊಂದು ಕಟ್ಟಳೆಯಿತ್ತು. ಹುಡುಗ ಮೊದಲು ಕರಡು ಬರೆದು ಆಚಾರ್ಯನಿಗೆ ಒಪ್ಪಿಸುತ್ತಾನೆ. ಆಚಾರ್ಯ ಸಾಲುಗಳ ನಡುವೆ ತಿದ್ದಿ ಕೊಡುತ್ತಾನೆ. ಹುಡುಗ ಅದನ್ನು ನೋಡಿಕೊಂಡು ಹೊಸ ಓಲೆಯ ಮೇಲೆ ಶುದ್ಧಪ್ರತಿ ಮಾಡಿ, ಕರಡನ್ನು ಅದೇ ದಿನ ಹೊಳೆಗೆ ಬಿಡಬೇಕು. ತಪ್ಪಿರುವ ಓಲೆ ಸರಸ್ವತಿಯ ಮನೆಯಲ್ಲಿ ಒಂದು ದಿನವೂ ತಂಗಬಾರದು. ಈ ಕಟ್ಟಳೆಯನ್ನು ಯಾರು ಮಾಡಿದರೆಂದು ಯಾರಿಗೂ ತಿಳಿಯದು. ಭಕ್ತಿಯಿಂದ ಮಾಡಿದರು ಎಂಬುದರಲ್ಲಿ ಅನುಮಾನವಿರಲಿಲ್ಲ.

ವರ್ಷದಿಂದ ವರ್ಷಕ್ಕೆ ಹುಡುಗರ ಬರಹ ಸಪ್ಪೆಯಾಗುತ್ತ ಬಂತು. ಆಚಾರ್ಯ ಕೈಕಟ್ಟಿ ಕೂರುವವನಲ್ಲ. ಭಂಡಾರದಲ್ಲಿ ಗ್ರಂಥಗಳು ಸಾಲವು ಎಂದುಕೊಂಡು ಊರೂರಿನಿಂದ ತರಿಸಿ ಪ್ರತಿ ಮಾಡಿಸಿದ. ಗೂಡುಗಳು ತುಂಬಿದವು, ಬರಹ ಸುಧಾರಿಸಲಿಲ್ಲ. ತಿದ್ದಿದ್ದು ಸಾಲದು ಎಂದುಕೊಂಡು ಇಮ್ಮಡಿ ತಿದ್ದಿದ. ಸಾಲುಗಳ ನಡುವೆ ಜಾಗವೇ ಉಳಿಯದಷ್ಟು ತಿದ್ದಿದ. ಹುಡುಗರು ಇವತ್ತು ತಿದ್ದಿಸಿಕೊಂಡ ತಪ್ಪನ್ನೇ ಮುಂದಿನ ವಾರ ಹೊಸ ಓಲೆಯ ಮೇಲೆ ಬರೆದು ತರುತ್ತಿದ್ದರು. ಹೋದ ವಾರ ಏನು ಹೇಳಿದ್ದೆ ಎಂದು ಕೇಳಿದರೆ ಹೊಳೆಯ ಕಡೆ ನೋಡುತ್ತಿದ್ದರು. ಅವನು ಹೇಳಿದ್ದೆಲ್ಲ ಅಲ್ಲಿತ್ತು.

ಮೂರು ವರ್ಷದಲ್ಲಿ ಮೂವರ ಲೇಖನಿ ಬಗ್ಗಿತು. ಮೂರನ್ನೂ ಬಗ್ಗಿಸಿದವನು ಆಚಾರ್ಯನೇ. ಕಲ್ಲಿನ ಮೇಲಿಟ್ಟು ಕಾಲಿನಿಂದ ಒತ್ತಬೇಕು. ಮೂರನೆಯದನ್ನು ಬಗ್ಗಿಸಿ ಬಂದ ದಿನ ಅವನು ಊಟದ ಎಲೆಯ ಮುಂದೆ ಕೂತು ಹಾಗೆಯೇ ಎದ್ದ. ಬರೆಯಲು ಬಾರದವರಿಗೆ ಕಲಿಸಲು ಹೊರಟದ್ದೇ ತಪ್ಪೇನೋ ಎಂಬ ಯೋಚನೆ ಅವನಿಗೆ ಮೊದಲ ಬಾರಿಗೆ ಬಂತು. ಬಂದ ಯೋಚನೆ ಹೋಗಲಿಲ್ಲ.

ಕೊನೆಗೆ ಅವನು ಭಂಡಾರಿಯನ್ನು ಕರೆದ. ಮೂವತ್ತು ವರ್ಷದಿಂದ ಕಟ್ಟು ಬಿಚ್ಚಿ ಕಟ್ಟು ಕಟ್ಟುತ್ತಿದ್ದ ಆ ಮುದುಕನನ್ನು ಅಲ್ಲಿಯವರೆಗೆ ಯಾರೂ ಏನನ್ನೂ ಕೇಳಿರಲಿಲ್ಲ. ಅವನು ಓದಬಲ್ಲವನು, ಬರೆಯುವುದು ನಮ್ಮಂಥವರ ಕೆಲಸವಲ್ಲ ಎಂದು ಬಿಟ್ಟಿದ್ದವನು. ನನ್ನ ಹುಡುಗರಿಗೆ ಏನಾಗಿದೆ ಎಂದು ಆಚಾರ್ಯ ಕೇಳಿದ. ಗೊತ್ತಿಲ್ಲ, ಒಂದು ವರ್ಷ ಕೊಟ್ಟರೆ ನೋಡಿ ಹೇಳುತ್ತೇನೆ ಎಂದ ಭಂಡಾರಿ. ಪಂಡಿತರಾರೂ ಅವನಿಗೆ ಆ ತನಕ ಹಾಗೆ ಉತ್ತರ ಕೊಟ್ಟಿರಲಿಲ್ಲವಾದ್ದರಿಂದ ಆಚಾರ್ಯ ಒಪ್ಪಿದ.

ಭಂಡಾರಿ ಹುಡುಗರನ್ನು ಏನನ್ನೂ ಕೇಳಲಿಲ್ಲ. ಕೇಳಿದರೆ ಅವರು ಆಚಾರ್ಯನಿಗೆ ಹಿತವಾದದ್ದನ್ನೇ ಹೇಳುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಪ್ರತಿಯೊಂದು ಕಟ್ಟಿನ ದಾರಕ್ಕೂ ತನಗೆ ಮಾತ್ರ ಗೊತ್ತಾಗುವ ಗಂಟು ಹಾಕಿದ. ಗಂಟು ಬಿಚ್ಚಿದ್ದು ಕಂಡರೆ ಆ ಗ್ರಂಥದ ಗೂಡಿನಲ್ಲಿ ಒಂದು ಹುಣಿಸೆಬೀಜ ಇಟ್ಟು ಮತ್ತೆ ಗಂಟು ಹಾಕುತ್ತಿದ್ದ. ಹೀಗೆ ಒಂದು ವರ್ಷ ಕಳೆಯಿತು. ಬೇಸಿಗೆಯಲ್ಲಿ ಎಂದಿನಂತೆ ಎಲ್ಲ ಕಟ್ಟುಗಳನ್ನೂ ಬಿಡಿಸಿ, ಹುಳು ಹತ್ತದಂತೆ ಓಲೆ ಓಲೆಗೂ ಎಣ್ಣೆ ಸವರಿದ. ಎಣ್ಣೆ ಸವರುವಾಗ ಯಾವ ಓಲೆಯ ಯಾವ ಜಾಗದಲ್ಲಿ ಬೆರಳಿನ ಕೊಳೆ ಕೂತಿದೆ ಎಂದು ನೋಡುತ್ತ ಹೋದ.

ಅದೇ ವರ್ಷ ಮತ್ತೊಬ್ಬ ವಿದ್ಯಾರ್ಥಿಯ ಕರಡಿನಲ್ಲಿ ಬೇರೆಯವರ ಸಾಲುಗಳು ಸಿಕ್ಕವು. ಅವನು ಮಂಕನಲ್ಲ. ಬಾಯಿಮಾತಿನಲ್ಲಿ ಒಳ್ಳೊಳ್ಳೆಯ ಪ್ರಶ್ನೆ ಕೇಳುವವನು, ಆಚಾರ್ಯನಿಗೆ ಮೆಚ್ಚಿನವನು. ವಿಜಯದಶಮಿಗೆ ಇನ್ನು ನಾಲ್ಕೇ ದಿನ. ಆಚಾರ್ಯ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಭಂಡಾರಿ ಒಂದು ಕಟ್ಟನ್ನು ತಂದು ಮುಂದಿಟ್ಟ.

ಅದು ಸಣ್ಣ ಕಟ್ಟು. ಯಾರೋ ಹೆಸರಿಲ್ಲದವನು ಬರೆದ ವ್ಯಾಖ್ಯಾನ. ಬರೆದವನಿಗೆ ಓಲೆ ಸಾಲದೆ ಬಂದಿರಬೇಕು, ಕರಡನ್ನೇ ಗ್ರಂಥ ಮಾಡಿದ್ದ. ಸಾಲು ಸಾಲನ್ನು ಗೀಚಿ ಹಾಕಿ ಪಕ್ಕದಲ್ಲಿ ಮತ್ತೆ ಬರೆದಿದ್ದ. ಮತ್ತೆ ಬರೆದದ್ದನ್ನೂ ಒಂದೆರಡು ಕಡೆ ಗೀಚಿದ್ದ. ದೂರದ ಊರಿನ ಗ್ರಂಥಗಳ ಜೊತೆಯಲ್ಲಿ ಅದು ಯಾರ ಗಮನಕ್ಕೂ ಬಾರದೆ ಭಂಡಾರ ಸೇರಿತ್ತು. ಆಚಾರ್ಯ ಅದನ್ನು ತಿರುವಿ ನೋಡಿ, ಇದು ಹೊಳೆಗೆ ಹೋಗಬೇಕಾದದ್ದು, ಇಲ್ಲಿ ಹೇಗೆ ಉಳಿಯಿತು ಎಂದು ಗದರಿದ. ಭಂಡಾರಿ ಗೀಚಿದ ಸಾಲುಗಳನ್ನು ಬೆರಳಿಟ್ಟು ತೋರಿಸಿದ. ಗೀಚಿದ್ದು ಎಲ್ಲೆಲ್ಲಿತ್ತೋ ಅಲ್ಲೆಲ್ಲ ಓಲೆಯ ಅಂಚು ಹೆಬ್ಬೆರಳಿನ ಕೊಳೆಯಿಂದ ಕಪ್ಪಾಗಿತ್ತು. ಮಹಾಪಂಡಿತರ ಗ್ರಂಥಗಳಲ್ಲಿ ಮೊದಲ ಓಲೆಯೊಂದು ಬಿಟ್ಟರೆ ಉಳಿದವು ಬರೆದ ದಿನ ಹೇಗಿದ್ದವೋ ಹಾಗೇ ಇದ್ದವು. ಎಲ್ಲಕ್ಕಿಂತ ಹೆಚ್ಚು ಹುಣಿಸೆಬೀಜ ಇದ್ದದ್ದು ಈ ಕಟ್ಟಿನ ಗೂಡಿನಲ್ಲಿ.

"ಸ್ವಾಮಿ, ಉಳಿದವಕ್ಕೆ ಹುಡುಗರು ಕೈ ಮುಗಿಯುತ್ತಾರೆ," ಎಂದ ಭಂಡಾರಿ. "ಓದುವುದು ಇದೊಂದನ್ನೇ."

ಆಚಾರ್ಯ ಆ ಕಪ್ಪು ಅಂಚಿನ ಮೇಲೆ ತನ್ನ ಹೆಬ್ಬೆರಳನ್ನಿಟ್ಟು ನೋಡಿದ. ಆಮೇಲೆ ಸಿಕ್ಕಿಬಿದ್ದ ವಿದ್ಯಾರ್ಥಿಯನ್ನು ಕರೆಸಿ, ಯಾಕೆ ಕದ್ದೆ ಎಂದು ಕೇಳಿದ. ಹಿಂದಿನ ಮೂವರನ್ನು ಅವನು ಹಾಗೆ ಕೇಳಿರಲಿಲ್ಲ, ನಿಜ ಹೇಳಬೇಕೆಂದರೆ ಕೇಳುವ ಅಗತ್ಯವೇ ಕಂಡಿರಲಿಲ್ಲ.

"ಭಂಡಾರದಲ್ಲಿ ನಮ್ಮ ಹಿಂದಿನವರು ಬರೆದದ್ದರಲ್ಲಿ ಒಂದು ತಪ್ಪೂ ಇಲ್ಲ," ಎಂದ ವಿದ್ಯಾರ್ಥಿ. "ತಪ್ಪು ಇರುವುದು ನನ್ನ ಓಲೆಯಲ್ಲಿ ಮಾತ್ರ. ಬರೆಯುವವರು ಬೇರೆಯೇ ಹುಟ್ಟಿರುತ್ತಾರೆ ಎಂದುಕೊಂಡೆ."

ಆಚಾರ್ಯ ಅವನನ್ನು ಕಳಿಸಿ ಬಾಗಿಲು ಹಾಕಿಕೊಂಡ. ಅವನ ಪೆಟ್ಟಿಗೆಯ ತಳದಲ್ಲಿ ಬಟ್ಟೆ ಸುತ್ತಿದ ಒಂದು ಕಟ್ಟಿತ್ತು. ನಲವತ್ತು ವರ್ಷದ ಹಿಂದೆ ಇದೇ ಘಟಿಕಾಸ್ಥಾನದಲ್ಲಿ ಅವನು ಬರೆದ ಮೊದಲ ಕರಡು ಅದು. ಹೊಳೆಗೆ ಬಿಡಲು ಹೋಗಿದ್ದ. ಓಲೆಯ ಮೇಲೆ ಗುರುವಿನ ಕೈಬರಹವಿತ್ತು. ಅದನ್ನು ನೀರಿಗೆ ಹಾಕಲು ಕೈ ಬಾರದೆ ಉಡಿಯಲ್ಲಿ ಮುಚ್ಚಿಕೊಂಡು ಮರಳಿದ್ದ. ಸರಸ್ವತಿಗೆ ದ್ರೋಹ ಮಾಡಿದೆನೆಂಬ ಅಳುಕು ನಲವತ್ತು ವರ್ಷ ಅವನನ್ನು ಕಾಡಿತ್ತು. ಯಾರಿಗೂ ಹೇಳಿರಲಿಲ್ಲ. ಈಗ ಕಟ್ಟು ಬಿಚ್ಚಿ ಓದಿದ. ಓದುತ್ತ ಹೋದಂತೆ ಅವನಿಗೆ ನಾಚಿಕೆಯಾಯಿತು, ನಗುವೂ ಬಂತು. ಮೂರನೆಯ ಓಲೆಗೆ ಬಂದಾಗ ನಗು ನಿಂತಿತು.

ವಿಜಯದಶಮಿ ಬಂತು. ಸಭೆ ಸೇರಿತು. ವಿದ್ಯಾರ್ಥಿ ಕಳ್ಳಬರಹ ತಂದಿದ್ದಾನೆಂಬ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ನಡುವೆ ಕಲ್ಲು ಇಟ್ಟಿದ್ದರು. ವಿದ್ಯಾರ್ಥಿ ಲೇಖನಿಯನ್ನು ಎರಡೂ ಕೈಯಲ್ಲಿ ಹಿಡಿದು ಬಂದು ನಿಂತ.

ಆಚಾರ್ಯ ಲೇಖನಿಯನ್ನು ತೆಗೆದುಕೊಳ್ಳಲಿಲ್ಲ. ಬಟ್ಟೆ ಸುತ್ತಿದ ಕಟ್ಟನ್ನು ಅವನ ಕೈಗೆ ಕೊಟ್ಟು, ಗಟ್ಟಿಯಾಗಿ ಓದು, ಬರೆದದ್ದನ್ನೂ ಓದು, ತಿದ್ದಿದ್ದನ್ನೂ ಓದು ಎಂದ. ವಿದ್ಯಾರ್ಥಿ ಓದಿದ. ಮೊದಲ ಓಲೆಯಲ್ಲಿ ಹೇಳಬೇಕಾದ ಮಾತು ಒಂದೂ ಇರಲಿಲ್ಲ, ಅಲಂಕಾರ ಮಾತ್ರ ಇತ್ತು. ಗುರು ಕೆಳಗೆ, ಇಷ್ಟು ಹೂವು ಯಾವ ದೇವರಿಗೆ ಎಂದು ಕೇಳಿದ್ದ. ಸಭೆಯಲ್ಲಿ ಒಂದಿಬ್ಬರು ನಕ್ಕರು. ಎರಡನೆಯ ಓಲೆಯಲ್ಲಿ ವಾದ ಅರ್ಧಕ್ಕೇ ನಿಂತಿತ್ತು. ಗುರು ಅಲ್ಲಿ, ನೀನು ಇಲ್ಲಿ ಸುಸ್ತಾದೆ, ಉಂಡು ಬಂದು ಬರೆ ಎಂದಿದ್ದ. ಮೂರನೆಯ ಓಲೆಗೆ ಬಂದಾಗ ವಿದ್ಯಾರ್ಥಿಯ ದನಿ ನಿಂತುಹೋಯಿತು. ಅವನು ತಲೆಯೆತ್ತಿ ಆಚಾರ್ಯನನ್ನು ನೋಡಿದ. ಆಚಾರ್ಯ ಓದು ಎಂದು ಸನ್ನೆ ಮಾಡಿದ.

ಅಲ್ಲಿ ಗುರು ಹೀಗೆ ಕೊರೆದಿದ್ದ: ಈ ಸಾಲುಗಳು ನಿನ್ನವಲ್ಲ. ಯಾರವೆಂದು ನನಗೂ ಗೊತ್ತು, ನಿನಗೂ ಗೊತ್ತು. ನಿನ್ನವನ್ನು ನಾಳೆ ತಾ.

ಆ ಓಲೆ ಯಾರದೆಂದು ಯಾರೋ ಹಿರಿಯರು ಕೇಳಿದರು. ನನ್ನದು ಎಂದ ಆಚಾರ್ಯ. ಸೊಂಟದಿಂದ ತನ್ನ ಲೇಖನಿಯನ್ನು ತೆಗೆದು ಕಲ್ಲಿನ ಮೇಲಿಟ್ಟ. ಕಟ್ಟಳೆಯಂತೆ ಇವತ್ತು ಒಂದು ಲೇಖನಿ ಬಗ್ಗಲೇಬೇಕಾದರೆ ಇದು ನಲವತ್ತು ವರ್ಷ ಹಿರಿಯದು, ಮೊದಲು ಇದು ಬಗ್ಗಲಿ ಎಂದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಲ್ಲಿನ ಹತ್ತಿರ ಯಾರೂ ಹೋಗಲಿಲ್ಲ. ಹೊತ್ತು ಕಳೆದ ಮೇಲೆ ಭಂಡಾರಿಯೇ ಎದ್ದು, ಲೇಖನಿಯನ್ನು ಒರೆಸಿ ಆಚಾರ್ಯನ ಕೈಗೆ ಕೊಟ್ಟ. ಆಚಾರ್ಯ ವಿದ್ಯಾರ್ಥಿಯ ಕಡೆ ತಿರುಗಿ, ನಿನ್ನದನ್ನು ನಾಳೆ ತಾ ಎಂದ.

ಅಂದಿನಿಂದ ಕರಡುಗಳು ಹೊಳೆಗೆ ಹೋಗಲಿಲ್ಲ. ಭಂಡಾರದ ಕೆಳಗಿನ ಗೂಡು ಅವಕ್ಕೆಂದೇ ಖಾಲಿಯಾಯಿತು. ಆಚಾರ್ಯನ ಕಟ್ಟು ಮೊದಲು ಹೋಗಿ ಕೂತಿತು. ಅವನು ಈಗ ಮೊದಲಿನಷ್ಟು ತಿದ್ದುತ್ತಿರಲಿಲ್ಲ. ಓಲೆಗೆ ಎರಡು ಮಾತು ಬರೆದು, ಹೋದ ಸಲದ ಓಲೆಯನ್ನೂ ಜೊತೆಗೆ ತರಲು ಹೇಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ಹುಡುಗನಿಂದಲೇ ಓದಿಸುತ್ತಿದ್ದ. ಆ ವಿದ್ಯಾರ್ಥಿ ಮರುವರ್ಷ ಸಭೆಯಲ್ಲಿ ಒಂದು ಕೃತಿ ಓದಿದ. ದೊಡ್ಡ ಕೃತಿಯೇನಲ್ಲ, ನಡುನಡುವೆ ಎಡವಿತ್ತು. ಆದರೆ ಒಂದು ಸಾಲೂ ಬೇರೆಯವರದಾಗಿರಲಿಲ್ಲ. ಆಚಾರ್ಯ ಆ ದಿನ ಹೊಟ್ಟೆ ತುಂಬ ಉಂಡ.

ಬೇಸಿಗೆ ಬಂದಾಗ ಭಂಡಾರಿ ಮಾತ್ರ ಗೊಣಗಿದ. ಕೆಳಗಿನ ಗೂಡಿನ ಓಲೆಗಳೆಲ್ಲ ಕೈಕೊಳೆಯಿಂದ ಕಪ್ಪಾಗಿದ್ದವು. ಅವನ್ನು ಒರೆಸಿ ಎಣ್ಣೆ ಸವರುವಷ್ಟರಲ್ಲಿ ಅವನ ಸೊಂಟ ಬಿದ್ದುಹೋಯಿತು. ಹಿಂದಿನಿಂದ ಯಾರಾದರೂ ನೋಡಿದ್ದರೆ, ಗೊಣಗುತ್ತಲೇ ಅವನು ಪ್ರತಿ ಓಲೆಯನ್ನೂ ನಿಂತು ಓದುತ್ತಿದ್ದುದು ಕಾಣುತ್ತಿತ್ತು.

ಅಜ್ಜನವರು ಕತೆ ನಿಲ್ಲಿಸಿ ನೀರು ಕುಡಿದರು.

ಪರ್ವತಯ್ಯನಿಗೆ ಕತೆ ಹಿಡಿಸಿತ್ತು. ಅವನು ಒಳಗೊಳಗೇ ಲೆಕ್ಕ ಹಾಕುತ್ತಿದ್ದ. ಗ್ರಂಥಾಲಯದಲ್ಲಿ ಕರಡುಗಳಿಗೊಂದು ಕಪಾಟು ಮಾಡಿಸಬಹುದು, ಪ್ರಶ್ನಾವಳಿ ಬಿಟ್ಟು ಹುಡುಗರು ಹೇಗೆ ಓದುತ್ತಾರೆಂದು ಕೂತು ನೋಡಬಹುದು, ಮುಂದಿನ ಸಭೆಯಲ್ಲಿ ಮಂಡಿಸಬಹುದು. ಆದರೆ ಚೀಲದ ಕಾಗದ ಇನ್ನೂ ತೊಡೆಯ ಮೇಲೆ ಭಾರವಾಗಿತ್ತು. ಕಪಾಟಿನ ಮಾತು ಮುಂದಿನದು, ಹುಲಿಗೆಮ್ಮನದು ನಾಳೆಯದು. ಅವನು ತಡೆಯಲಾರದೆ ಮತ್ತೆ ಕೇಳಿದ. ಕತೆಯ ಆಚಾರ್ಯ ತಾನೂ ಕದ್ದಿದ್ದ, ಅದಕ್ಕೇ ಕ್ಷಮಿಸಿದ. ನಾನು ಜನ್ಮದಲ್ಲಿ ಒಬ್ಬರ ಸಾಲನ್ನೂ ಮುಟ್ಟಿದವನಲ್ಲ, ಆ ಮಹಾಪ್ರಬಂಧದ ಅಕ್ಷರ ಅಕ್ಷರವೂ ನನ್ನದೇ ಎಂದು ನಿಮಗೇ ಗೊತ್ತು. ನಾನು ಅವಳ ಮುಂದೆ ಯಾವ ಓಲೆ ಇಡಲಿ ಎಂದ. ಹಾಗೆನ್ನುವಾಗ ಅವನ ದನಿಯಲ್ಲಿ ನೋವಿತ್ತು, ಸ್ವಲ್ಪ ಹೆಮ್ಮೆಯೂ ಇತ್ತು.

ಅಜ್ಜನವರು ಅವನನ್ನು ಪ್ರೀತಿಯಿಂದಲೇ ನೋಡಿದರು.

"ಆ ಹನ್ನೆರಡು ಪುಟ ನೀ ಇದ ಕಟ್ಟಿಮ್ಯಾಲೆ ಕುಂತು ಒಂಬತ್ತು ಸಲ ಬರದಿದ್ದಿ, ಪರ್ವತಯ್ಯ, ಆಕಿಗೆ ತೋರಿಸಿದ್ದು ಎಷ್ಟನೇದು?"

ಪರ್ವತಯ್ಯ ಚೀಲದಿಂದ ಆ ಕಾಗದ ತೆಗೆದು, ಸಹಿ ಹಾಕದೆಯೇ ಮಡಚಿದ.